ನಾಯಿಗೆ ಹಸಿ ಕಲೀಜಾ ಹಾಕಬೇಡಿ: ಹಳ್ಳಿ ನಾಯಿಗಳ ಜಂತುಹುಳು ಮತ್ತು ನಮ್ಮ ಮನೆಯವರ ಆರೋಗ್ಯ

ಹೋದ ವರ್ಷ ನಮ್ಮ ಹೊಲದಲ್ಲಿ ಕಂದೂರಿ (ಹರಕೆಯ ಮಾಂಸದೂಟ) ಇತ್ತು. ಬೇವಿನ ಮರದ ಕೆಳಗೆ ಎರಡು ಕುರಿ ಕಡಿದಿದ್ದರು. ಕಾಕಾ ಕಲೀಜಾ (ಕುರಿಯ ಲಿವರ್) ಕೊಯ್ಯುವಾಗ ಅದರಲ್ಲಿ ನಿಂಬೆಕಾಯಿ ಗಾತ್ರದ ಒಂದು ಬಿಳಿ ಗುಳ್ಳೆ ಕಂಡಿತು, ಒಳಗೆಲ್ಲ ತಿಳಿ ನೀರು. "ಇದು ಕೆಟ್ಟದ, ನಾಯಿಗಿ ಹಾಕ್" ಅಂದರು. ಹಾಕಲು ಹೋದ ಹುಡುಗನ ಕೈ ಹಿಡಿದು ನಿಲ್ಲಿಸಿದೆ. ಎಲ್ಲರೂ ನನ್ನ ಮುಖ ನೋಡಿದರು, ಯಾಕಂದರೆ ಚಿಕ್ಕಂದಿನಿಂದ ನಾನೂ ಅದನ್ನೇ ಮಾಡಿಕೊಂಡು ಬಂದವನು.

ನಿಲ್ಲಿಸಲು ಕಾರಣ ನಮ್ಮ ಸೋದರತ್ತೆ. ಎರಡು ವರ್ಷದಿಂದ ಬಲಪಕ್ಕೆಯ ಕೆಳಗೆ ಭಾರ ಅನ್ನುತ್ತಿದ್ದರು. ಗ್ಯಾಸ್ ಇರಬೇಕು ಅಂತ ನಾವೆಲ್ಲ ಸುಮ್ನೆ ಇದ್ದೆವು. ಕೊನೆಗೆ ಕಲಬುರಗಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ನೀರು ತುಂಬಿದ ದೊಡ್ಡ ಗುಳ್ಳೆ. ಡಾಕ್ಟರ್ ಮೊದಲು ಕೇಳಿದ್ದೇ "ಮನ್ಯಾಗ ನಾಯಿ ಅದಾವೇನ್ರೀ? ಕುರಿ ಅದಾವೇನ್ರೀ?" ಅಂತ. ಎರಡೂ ಇದ್ದವು. ಕುರಿಯ ಕಲೀಜಾದಲ್ಲಿ ಕಾಣುವ ಗುಳ್ಳೆಯೂ ಅತ್ತೆಯ ಲಿವರಿನ ಗುಳ್ಳೆಯೂ ಒಂದೇ ಹುಳುವಿನದು ಅಂತ ಅವತ್ತು ಗೊತ್ತಾಯಿತು. ಒಂದರಿಂದ ಇನ್ನೊಂದಕ್ಕೆ ದಾಟಿಸಿದ್ದು ನಾವೇ ರೊಟ್ಟಿ ಹಾಕಿ ಸಾಕಿದ ನಾಯಿ.

ಹಾಗಂತ ನಾಯಿಯನ್ನು ದೂರಬೇಡಿ. ಮೈಲಾರಲಿಂಗನ ಜೊತೆ ನಾಯಿಗೂ ಮರ್ಯಾದೆ ಕೊಡುವ ಸೀಮೆ ನಮ್ಮದು. ಕುರಿ ಹಿಂಡು ಕಾಯುವುದು ಅದು, ತೊಗರಿ ರಾಶಿ ಕಾಯುವುದು ಅದು. ಅದರ ಹೊಟ್ಟೆಗೆ ಹುಳು ಹೋಗುವ ದಾರಿ ನಾವು ಮುಚ್ಚಬೇಕು. ಆ ದಾರಿ ಯಾವುದು, ಹೇಗೆ ಮುಚ್ಚುವುದು ಅಂತ ಕಲಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಯಾವ ಹಳ್ಳಿಯಲ್ಲಾದರೂ ನಡೆಯುವಂಥ ಕೆಲಸಗಳೇ ಇವು, ಖರ್ಚು ಕಡಿಮೆ.

ಮೊದಲು, ಯಾವ ಹುಳು ಅಂತ ತಿಳಿದುಕೊಳ್ಳಿ

ನಾಯಿ ಹೊಟ್ಟೆಯಲ್ಲಿ ಹಲವು ಜಂತುಗಳಿರುತ್ತವೆ. ಮನುಷ್ಯರಿಗೆ ತೊಂದರೆ ಕೊಡುವ ಮುಖ್ಯವಾದವು ಮೂರು ಜಾತಿ.

ದುಂಡು ಹುಳು. ಬಿಳಿ ಶ್ಯಾವಿಗೆ ಥರ ಇರುತ್ತದೆ, ನಾಯಿಮರಿ ವಾಂತಿ ಮಾಡಿದಾಗ ಇಲ್ಲವೇ ಹೊಲಸಿನಲ್ಲಿ (ಮಲದಲ್ಲಿ) ಕಾಣುತ್ತದೆ. ಒಂದು ಹೆಣ್ಣು ಹುಳು ದಿನಕ್ಕೆ ಒಂದು ಲಕ್ಷದವರೆಗೂ ತತ್ತಿ ಇಡಬಲ್ಲದು. ಇದರಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ತಾಯಿ ನಾಯಿಯ ಮಾಂಸದಲ್ಲಿ ಇದರ ಮರಿಹುಳುಗಳು ಮಲಗಿರುತ್ತವೆ, ಅದು ಗಬ್ಬವಾದಾಗ ಎದ್ದು ಹೊಟ್ಟೆಯಲ್ಲಿರುವ ಮರಿಗಳಿಗೇ ಹೋಗಿ ಸೇರುತ್ತವೆ, ಆಮೇಲೆ ಹಾಲಿನಲ್ಲೂ ಹೋಗುತ್ತವೆ. ಅಂದರೆ ಅಂಗಳದಲ್ಲಿ ಮೊನ್ನೆ ಹುಟ್ಟಿದ ಮುದ್ದು ಮರಿಗಳು ಹುಟ್ಟುವಾಗಲೇ ಹುಳು ತಂದಿರುತ್ತವೆ. ಮಕ್ಕಳು ಜಾಸ್ತಿ ಎತ್ತಿ ಆಡಿಸುವುದೂ ಆ ಮರಿಗಳನ್ನೇ, ಅಲ್ವಾ?

ಕೊಕ್ಕೆ ಹುಳು. ಇದು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮರಿಯ ಒಸಡು ನೋಡಿ: ಗುಲಾಬಿ ಇರಬೇಕಾದದ್ದು ಬೆಳ್ಳಗಾಗಿದ್ದರೆ, ಹೊಲಸು ಡಾಂಬರಿನ ಹಾಗೆ ಕಪ್ಪಗಿದ್ದರೆ, ಅವತ್ತೇ ದವಾಖಾನೆಗೆ ಒಯ್ಯಿರಿ. ಎರಡು ದಿನ ಕಾದರೆ ಮರಿ ಉಳಿಯದೇ ಹೋಗಬಹುದು. ಇದರ ಮರಿಹುಳು ತೇವದ ಮಣ್ಣಿನಲ್ಲಿ, ಉಸುಕಿನಲ್ಲಿ ಬೆಳೆದು ಬರಿಗಾಲಿನ ಚರ್ಮ ಕೊರೆದು ನಮ್ಮೊಳಗೆ ಬರುತ್ತದೆ.

ಲಾಡಿ ಹುಳು. ಇದರಲ್ಲಿ ಎರಡು ಬಗೆ ನೆನಪಿಡಿ. ಒಂದು ಚಿಗಟದಿಂದ ಬರುವಂಥದ್ದು. ನಾಯಿಯ ಹಿಂಭಾಗದಲ್ಲಿ, ಮಲಗಿದ ಗೋಣಿಚೀಲದ ಮೇಲೆ ಅಕ್ಕಿಕಾಳು ಅಥವಾ ಸವತಿ ಬೀಜದಂಥ ತುಣುಕು ಕಂಡರೆ ಅದು ಇದೇ. ನಾಯಿಗೆ ಚಿಗಟ ಇರುವವರೆಗೆ ಎಷ್ಟು ಔಷಧಿ ಕೊಟ್ಟರೂ ಮತ್ತೆ ಬರುತ್ತದೆ, ಹಾಗಾಗಿ ಚಿಗಟಕ್ಕೂ ಔಷಧಿ ಹಾಕಿಸಿ. ಮನುಷ್ಯರಿಗೆ ಇದರಿಂದ ದೊಡ್ಡ ಅಪಾಯ ಇಲ್ಲ.

ಎರಡನೆಯದೇ ನಮ್ಮ ಅತ್ತೆಗೆ ಬಂದದ್ದು. ಎಕಿನೋಕಾಕಸ್ ಅಂತ ಹೆಸರು. ಉದ್ದ ಹೆಚ್ಚೆಂದರೆ 3ರಿಂದ 6 ಮಿಲಿಮೀಟರ್, ಜೀರಿಗೆ ಕಾಳಿನಷ್ಟು. ನಾಯಿಯ ಕರುಳಿನಲ್ಲಿ ಸಾವಿರಗಟ್ಟಲೆ ಇದ್ದರೂ ನಾಯಿಗೆ ಏನೂ ಆಗುವುದಿಲ್ಲ. ಅದು ಓಡುತ್ತದೆ, ಬೊಗಳುತ್ತದೆ, ಚೆನ್ನಾಗಿ ತಿನ್ನುತ್ತದೆ. ಹೊಲಸಿನಲ್ಲೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆ ಮಾಡಿಸಿದರೂ ಇದರ ತತ್ತಿ ಬೇರೆ ಲಾಡಿ ಹುಳುವಿನ ತತ್ತಿಯ ಹಾಗೇ ಕಾಣುವುದರಿಂದ ಸೂಕ್ಷ್ಮದರ್ಶಕದಲ್ಲಿ ಗುರುತು ಹಿಡಿಯಲು ಆಗುವುದಿಲ್ಲ. ಅದಕ್ಕೇ "ನಮ್ಮ ನಾಯಿ ಗಟ್ಟಿಮುಟ್ಟಾಗಿದೆ, ಹುಳು ಇಲ್ಲ" ಅನ್ನುವ ಮಾತನ್ನು ನಂಬಬೇಡಿ.

ಕುರಿ ಕಡಿಯುವ ಜಾಗದಿಂದ ಶುರು ಮಾಡಿ

ಬೇರೆ ಏನು ಮಾಡಲು ಆಗದಿದ್ದರೂ ಇದೊಂದನ್ನು ಮಾಡಿ.

ಈ ಹುಳು ಹೇಗೆ ತಿರುಗುತ್ತದೆ ಅಂದರೆ, ನಾಯಿಯ ಹೊಲಸಿನಲ್ಲಿ ತತ್ತಿ ಬರುತ್ತದೆ, ಅದು ಹುಲ್ಲಿಗೆ ಅಂಟಿ ಕುರಿ, ಆಡು, ದನ, ಎಮ್ಮೆಯ ಹೊಟ್ಟೆ ಸೇರುತ್ತದೆ, ಅಲ್ಲಿ ಕಲೀಜಾದಲ್ಲೋ ಶ್ವಾಸಕೋಶದಲ್ಲೋ ನೀರಿನ ಗುಳ್ಳೆಯಾಗಿ ಕೂರುತ್ತದೆ, ಆ ಗುಳ್ಳೆಯನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಮತ್ತೆ ಹುಳುಗಳಾಗುತ್ತವೆ. ಗುಳ್ಳೆ ನಾಯಿಯ ಬಾಯಿಗೆ ಹೋಗದಿದ್ದರೆ ಸರಪಳಿ ಅಲ್ಲಿಗೇ ಕಡಿದು ಹೋಯಿತು. ಮನುಷ್ಯರು ಇದರಲ್ಲಿ ದಾರಿ ತಪ್ಪಿ ಸಿಕ್ಕಿಕೊಳ್ಳುವವರು. ನಾಯಿಯಿಂದ ಬಂದ ತತ್ತಿ ಕೈಗೋ ತಪ್ಪಲಪಲ್ಲೆಗೋ ಅಂಟಿ ನಮ್ಮ ಬಾಯಿಗೆ ಹೋದರೆ ಕುರಿಗೆ ಆಗುವುದೇ ನಮಗೂ ಆಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅತ್ತೆಗೆ ಹೀಗಾಯಿತು ಅಂತ ಗೊತ್ತಾದಾಗ ಊರಲ್ಲಿ ಜನ ಮಟನ್ ತಿನ್ನುವುದನ್ನೇ ಬಿಟ್ಟರು. ಮಟನ್ ತಿಂದರೆ ಈ ಕಾಯಿಲೆ ಬರುವುದಿಲ್ಲ. ಒಬ್ಬರಿಂದ ಒಬ್ಬರಿಗೂ ಅಂಟುವುದಿಲ್ಲ. ಅತ್ತೆಯ ತಾಟು, ಲೋಟ ಬೇರೆ ಇಟ್ಟವರೂ ಇದ್ದರು, ಅವರಿಗೆ ಎಷ್ಟು ನೋವಾಗಿತ್ತು ಅಂತ ನನಗೆ ಗೊತ್ತು. ದಯವಿಟ್ಟು ಯಾರ ಮನೆಯಲ್ಲೂ ಹಾಗೆ ಮಾಡಬೇಡಿ.

ಈಗ ಕೆಲಸ. ಕಂದೂರಿ ಇರಲಿ, ಜಾತ್ರೆ ಇರಲಿ, ಮದುವೆ ಇರಲಿ, ಕುರಿ ಕಡಿಯುವ ಮೊದಲೇ ಗುಂಡಿ ತೋಡಿಸಿ. ಆಮೇಲೆ ತೋಡೋಣ ಅಂದರೆ ಆಗುವುದಿಲ್ಲ, ಊಟದ ಗದ್ದಲದಲ್ಲಿ ಯಾರಿಗೂ ನೆನಪಿರುವುದಿಲ್ಲ. ಮೂರು ನಾಲ್ಕು ಅಡಿ ಆಳ ಇರಲಿ, ಬಾವಿ ಹಳ್ಳದಿಂದ ದೂರ ಇರಲಿ. ಗುಳ್ಳೆ ಇರುವ ಕಲೀಜಾ, ಶ್ವಾಸಕೋಶ, ಬೇಡದ ಕರುಳು ಎಲ್ಲ ಅದರಲ್ಲಿ ಹಾಕಿ ಮಣ್ಣು ತುಂಬಿ, ಮೇಲೆ ಜಾಲಿ ಮುಳ್ಳು ಹಾಸಿ, ಅದರ ಮೇಲೊಂದು ಶಹಾಬಾದ್ ಫರ್ಸಿ ತುಂಡು ಇಡಿ. ಬರೀ ಮಣ್ಣು ಮುಚ್ಚಿದರೆ ರಾತ್ರಿ ನಾಯಿಗಳು ಕೆದರಿ ತೆಗೆಯುತ್ತವೆ, ನಾನೇ ನೋಡಿದ್ದೇನೆ. ಹೂಳಲು ಆಗದಿದ್ದರೆ ಪೂರ್ತಿ ಸುಟ್ಟುಹಾಕಿ.

ಗುಳ್ಳೆಯನ್ನು ಕತ್ತರಿಸಿ ನೋಡುವ ಕುತೂಹಲ ಬೇಡ. ನೀರು ಚಿಮ್ಮಿದರೆ ಸುತ್ತಲಿನ ಮಣ್ಣಿಗೆ, ಮಾಂಸದ ತುಂಡಿಗೆ ಬೀಳುತ್ತದೆ, ಅದನ್ನು ನಾಯಿ ನೆಕ್ಕುತ್ತದೆ.

ನಾಯಿಗೂ ಒಂದು ಪಾಲು ಕೊಡಬೇಕು ಅನ್ನಿಸುತ್ತದೆ, ಅದು ತಪ್ಪಲ್ಲ. ಬೇಯಿಸಿ ಕೊಡಿ. ಬೋಟಿ, ಕಲೀಜಾ ಯಾವುದೇ ಇರಲಿ ಸಣ್ಣ ತುಂಡು ಮಾಡಿ 30ರಿಂದ 40 ನಿಮಿಷ ಕುದಿಸಿದರೆ ಒಳಗಿನದೆಲ್ಲ ಸಾಯುತ್ತದೆ. ಹೇಗೂ ಒಲೆ ಉರಿಯುತ್ತಿರುತ್ತದೆ, ಒಂದು ಹಳೆಯ ಬೋಗುಣಿ ಇಟ್ಟರೆ ಸಾಕು.

ವಯಸ್ಸಾದ ಕುರಿಯಲ್ಲಿ ಗುಳ್ಳೆ ಜಾಸ್ತಿ, ಎಳೆ ಮರಿಯಲ್ಲಿ ಕಡಿಮೆ, ಯಾಕಂದರೆ ಅದು ಬೆಳೆಯಲು ತಿಂಗಳು ವರ್ಷ ಬೇಕು. ಹಾಗೆಯೇ ಹೊಲದಲ್ಲಿ ಸತ್ತ ಕುರಿಯನ್ನು ಬಯಲಿಗೆ ಎಸೆಯುವುದೂ ನಿಲ್ಲಬೇಕು. ಕುರಿಗಾಹಿಗಳಿಗೆ ಇನ್ನೊಂದು ಲಾಭವೂ ಇದೆ. ಕುರಿ ತಲೆ ಒಂದು ಕಡೆ ವಾಲಿಸಿ ಗಿರ್ರನೆ ಸುತ್ತಿ ಸುತ್ತಿ ಸಾಯುವುದನ್ನು ನೋಡಿರುತ್ತೀರಿ. ಹಲವು ಸಲ ಅದಕ್ಕೆ ಕಾರಣ ನಾಯಿಯ ಇನ್ನೊಂದು ಲಾಡಿ ಹುಳು, ಅದರ ಗುಳ್ಳೆ ಕುರಿಯ ಮಿದುಳಿನಲ್ಲಿ ಬೆಳೆಯುತ್ತದೆ. ಸತ್ತ ಕುರಿಯ ತಲೆಯನ್ನು ನಾಯಿ ತಿಂದರೆ ಹಿಂಡಿಗೆ ಮತ್ತೆ ಅದೇ ಬರುತ್ತದೆ. ತಲೆಯನ್ನೂ ಹೂಳಿ.

ಇನ್ನು ಔಷಧಿ

ತೂಕ ನೋಡದೆ ಔಷಧಿ ಕೊಡಬೇಡಿ. ಊರಲ್ಲಿ ತೊಗರಿ ಚೀಲ ತೂಗುವ ಕಾಟಾ ಇದ್ದೇ ಇರುತ್ತದೆ. ನಾಯಿಯನ್ನು ಎತ್ತಿಕೊಂಡು ನಿಂತು ತೂಕ ನೋಡಿ, ಆಮೇಲೆ ನೀವೊಬ್ಬರೇ ನಿಂತು ನೋಡಿ, ಕಳೆದರೆ ನಾಯಿಯ ತೂಕ ಬಂತು.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ನಾಯಿಯ ಜಂತು ಮಾತ್ರೆಯಲ್ಲಿ ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಇರುತ್ತವೆ, 10 ಕಿಲೋಗೆ ಒಂದು ಮಾತ್ರೆ ಲೆಕ್ಕ. ಲಾಡಿ ಹುಳುವಿಗೆ ಬೇಕಾದದ್ದು ಪ್ರಾಜಿಕ್ವಾಂಟೆಲ್. ಆ ಹೆಸರು ಡಬ್ಬಿಯ ಮೇಲೆ ಇದೆಯಾ ನೋಡಿ, ಇಲ್ಲದಿದ್ದರೆ ಗುಳ್ಳೆಯ ಹುಳುವಿಗೆ ಅದು ಉಪಯೋಗವಿಲ್ಲ. ಮೊದಲ ಸಲ ಪಶುವೈದ್ಯರಿಗೆ ನಾಯಿ ತೋರಿಸಿಯೇ ಶುರು ಮಾಡಿ. ಹತ್ತಿರದ ಪಶು ದವಾಖಾನೆ ಇದೆ, ಸಹಾಯವಾಣಿ 1962 ಇದೆ, ಬೀದರ್ ಕಡೆಯವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಇದೆ. ಹೋದಾಗ ರೇಬಿಸ್ ಲಸಿಕೆಯನ್ನೂ ಹಾಕಿಸಿಕೊಂಡು ಬನ್ನಿ.

ನಮ್ಮ ಕಡೆ ಜಾಸ್ತಿ ನಡೆಯುವ ತಪ್ಪು ಅಂದರೆ ಕುರಿಗೆ ಕುಡಿಸಿ ಉಳಿದ ಔಷಧಿಯನ್ನು ನಾಯಿಗೂ ಒಂದು ಮುಚ್ಚಳ ಕುಡಿಸುವುದು. ಕುರಿಯ ಆಲ್ಬೆಂಡಜೋಲ್ ನಾಯಿಗೆ ಅಳತೆ ತಪ್ಪಿದರೆ ರಕ್ತ ಹುಟ್ಟುವ ಮಜ್ಜೆಗೇ ಪೆಟ್ಟು ಕೊಡಬಹುದು. ಐವರ್ಮೆಕ್ಟಿನ್ ಇಂಜೆಕ್ಷನ್ ಅಂದಾಜಿನಲ್ಲಿ ಕೊಟ್ಟರೆ ಕೆಲವು ನಾಯಿಗಳು ನಡುಗಿ, ಕುರುಡಾಗಿ, ಸತ್ತೂ ಹೋಗುತ್ತವೆ. ಇಷ್ಟಾದರೂ ಗುಳ್ಳೆಯ ಲಾಡಿ ಹುಳು ಸಾಯುವುದಿಲ್ಲ. ಕೊಟ್ಟೆ ಅನ್ನುವ ಸಮಾಧಾನ ಮಾತ್ರ ಉಳಿಯುತ್ತದೆ.

ಯಾವಾಗ ಕೊಡಬೇಕು? ಮರಿಗಳಿಗೆ ಹುಟ್ಟಿದ 2, 4, 6, 8ನೇ ವಾರಕ್ಕೆ, ಸಿರಪ್ ರೂಪದಲ್ಲಿ. ಅವತ್ತೇ ತಾಯಿಗೂ ಕೊಡಿಸಿ. ಆಮೇಲೆ ಆರು ತಿಂಗಳಾಗುವ ತನಕ ತಿಂಗಳಿಗೊಮ್ಮೆ. ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ. ಹಿಂಡಿನ ಜೊತೆ ತಿರುಗುವ, ಹಸಿ ಮಾಂಸ ಸಿಗುವ ನಾಯಿಗೆ ಮಾತ್ರ ಪ್ರಾಜಿಕ್ವಾಂಟೆಲ್ ಆರು ವಾರಕ್ಕೊಮ್ಮೆ ಬೇಕು. ಯಾಕೆ ಆರು ವಾರ ಅಂದರೆ, ಗುಳ್ಳೆ ತಿಂದ ದಿನದಿಂದ ಹುಳು ಬೆಳೆದು ತತ್ತಿ ಬಿಡಲು ಹೆಚ್ಚುಕಡಿಮೆ ಅಷ್ಟೇ ದಿನ ಹಿಡಿಯುತ್ತದೆ. ತತ್ತಿ ಬಿಡುವ ಮೊದಲೇ ಕೊಂದುಬಿಟ್ಟರೆ ಅಂಗಳಕ್ಕೆ ಏನೂ ಬೀಳುವುದಿಲ್ಲ.

ತಾರೀಖು ನೆನಪಿಡುವುದು ಕಷ್ಟ. ನಮ್ಮ ಮನೆಯಲ್ಲಿ ಅಮವಾಸ್ಯೆ ಲೆಕ್ಕ ಇಟ್ಟಿದ್ದೇವೆ. ಮರಿಗೆ ಪ್ರತಿ ಅಮವಾಸ್ಯೆ. ಮನೆ ನಾಯಿಗೆ ಮೂರು ಅಮವಾಸ್ಯೆಗೊಮ್ಮೆ. ಹಿಂಡಿನ ನಾಯಿಗೆ ಈ ಅಮವಾಸ್ಯೆಗೆ ಕೊಟ್ಟರೆ, ಮುಂದಿನ ಅಮವಾಸ್ಯೆ ದಾಟಿ ಬರುವ ಹುಣ್ಣಿಮೆಗೆ ಮತ್ತೆ. ಅಲ್ಲಿಗೆ ಸುಮಾರು 44 ದಿನ ಆಗುತ್ತದೆ. ನಮ್ಮ ಅವ್ವ ಒಂದು ಸಲವೂ ಮರೆತಿಲ್ಲ.

ಮಾತ್ರೆ ಪುಡಿ ಮಾಡಬೇಡಿ, ಕಹಿ, ನಾಯಿ ಉಗುಳುತ್ತದೆ. ಬಿಸಿ ರೊಟ್ಟಿಯ ತುಣುಕಿಗೆ ಬೆಣ್ಣೆ ಹಚ್ಚಿ ಮಾತ್ರೆ ಮಡಚಿ ಕೊಡಿ, ನುಂಗುವವರೆಗೆ ಎದುರಿಗೇ ನಿಲ್ಲಿ. ಕೊಟ್ಟ ಮೇಲೆ ಎರಡು ಮೂರು ದಿನ ನಾಯಿಯನ್ನು ಕಟ್ಟಿಹಾಕಿ. ಔಷಧಿಯಿಂದ ಹುಳು ಸಾಯುತ್ತದೆ, ತತ್ತಿ ಸಾಯುವುದಿಲ್ಲ. ಆ ದಿನಗಳ ಹೊಲಸನ್ನೆಲ್ಲ ಬಳಿದು ಸುಡಿ ಅಥವಾ ಆಳಕ್ಕೆ ಹೂಳಿ.

ಅಂಗಳ ಮತ್ತು ಉಸುಕಿನ ಗುಂಪಿ

ದುಂಡು ಹುಳುವಿನ ತತ್ತಿ ಬಿದ್ದ ದಿನ ಅಪಾಯ ಇಲ್ಲ. ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಬಲಿತ ಮೇಲೆ ಅಪಾಯ, ಆಮೇಲೆ ವರ್ಷಗಟ್ಟಲೆ ಬದುಕಿರುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಒಂದು ಸಲಿಕೆಯಲ್ಲಿ ಹೊಲಸು ತೆಗೆದು ಹೂತರೆ ಕೆಲಸ ಮುಗಿಯಿತು. ಗುಳ್ಳೆಯ ಲಾಡಿ ಹುಳು ಹಾಗಲ್ಲ, ಅದರ ತತ್ತಿ ಬಿದ್ದ ಕ್ಷಣದಿಂದಲೇ ಅಂಟುತ್ತದೆ, ನಾಯಿಯ ಕೂದಲಿಗೆ, ಮೂತಿಗೆ ಹತ್ತಿರುತ್ತದೆ. ಅದಕ್ಕೇ ಅಂಗಳ ಎಷ್ಟೇ ಚೊಕ್ಕ ಇದ್ದರೂ ನಾಯಿ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಲೇಬೇಕು.

ಒಣಗಿದ ಹೊಲಸನ್ನು ಕಸಬರಿಗೆಯಿಂದ ಗುಡಿಸಿ ಧೂಳು ಎಬ್ಬಿಸಬೇಡಿ. ಸ್ವಲ್ಪ ನೀರು ಚಿಮುಕಿಸಿ ತೆಗೆಯಿರಿ. ಫಿನಾಯಿಲ್, ಸುಣ್ಣ, ಬ್ಲೀಚಿಂಗ್ ಪುಡಿ ನೆಚ್ಚಿಕೊಳ್ಳಬೇಡಿ, ಈ ತತ್ತಿಗಳ ಚಿಪ್ಪು ಗಟ್ಟಿ. ಫರ್ಸಿ ನೆಲ ಇದ್ದರೆ ಕುದಿಯುವ ನೀರು ಸುರಿಯಿರಿ. ಬೇಸಿಗೆಯಲ್ಲಿ ನಮ್ಮ ಬಿಸಿಲು ಕೊಕ್ಕೆ ಹುಳುವಿನ ಮರಿಗಳನ್ನು ಬಯಲಲ್ಲಿ ಒಣಗಿಸಿ ಕೊಲ್ಲುತ್ತದೆ, ಆದರೆ ಬಚ್ಚಲ ನೀರು ಹರಿಯುವ ಕಡೆ, ಮರದ ನೆರಳಲ್ಲಿ, ಮಳೆಗಾಲದಲ್ಲಿ ಅವು ಆರಾಮಾಗಿ ಇರುತ್ತವೆ. ಬರಿಗಾಲಲ್ಲಿ ಬಯಲಿಗೆ ಹೋಗುವುದು, ಬಚ್ಚಲ ಹಿಂದೆ ಓಡಾಡುವುದು ಬೇಡ.

ಮನೆ ಕಟ್ಟಲು ತಂದ ಉಸುಕಿನ ಗುಂಪಿ ಬೀದಿಯಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ರಾತ್ರಿ ಅದರ ಮೇಲೆ ನಾಯಿಗಳು ಮಲಗುತ್ತವೆ, ಹೊಲಸು ಮಾಡುತ್ತವೆ, ಹಗಲು ಅದೇ ಜಾಗದಲ್ಲಿ ಮಕ್ಕಳು ಗುಬ್ಬಿಗೂಡು ಕಟ್ಟುತ್ತವೆ. ಸಂಜೆಯಾದರೆ ಒಂದು ತಾಡಪತ್ರಿ ಮುಚ್ಚಿ, ನಾಲ್ಕು ಕಲ್ಲು ಇಡಿ.

ಬೀದಿ ನಾಯಿಗಳ ಮಾತು ಬಂದಾಗ ವಿಷ ಹಾಕಿ ಅನ್ನುವವರಿದ್ದಾರೆ. ಅದು ಕ್ರೌರ್ಯ, ಕಾನೂನಿಗೂ ವಿರುದ್ಧ. ಬೇರೆ ಊರಿನ ನಾಯಿಗಳು ಆ ಜಾಗಕ್ಕೆ ಬರುತ್ತವೆ ಅಷ್ಟೇ. ಮರಿಗಳೇ ದುಂಡು ಹುಳು ಜಾಸ್ತಿ ಹರಡುವುದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಆದಷ್ಟೂ ಊರಿಗೆ ಒಳ್ಳೆಯದು. ಗ್ರಾಮಸಭೆಯಲ್ಲಿ ಇದನ್ನೂ, ಮಾಂಸದಂಗಡಿಯ ತ್ಯಾಜ್ಯದ ಗುಂಡಿಯನ್ನೂ ಕೇಳಿ.

ಮಕ್ಕಳು ಮತ್ತು ಊಟ

ರೊಟ್ಟಿ ಜೊತೆ ಹಸಿ ಮೆಂತ್ಯೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು ಇಲ್ಲದಿದ್ದರೆ ನಮಗೆ ಊಟವೇ ಅಲ್ಲ. ತಿನ್ನುವುದು ಬಿಡಬೇಡಿ, ತೊಳೆಯುವುದು ಬದಲಾಗಲಿ. ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಎಲೆ ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ಮೂರು ಸಲ ಉಜ್ಜಿ ತೊಳೆಯಿರಿ. ಉಪ್ಪು ನೀರಲ್ಲಿ ನೆನೆಸಿಟ್ಟರೆ ತತ್ತಿ ಸಾಯುವುದಿಲ್ಲ, ಉಜ್ಜಿ ತೊಳೆದರೆ ಮಾತ್ರ ಹೋಗುತ್ತದೆ. ಎಳ್ಳಮಾಸೆಗೆ ಹೊಲದಲ್ಲಿ ಊಟಕ್ಕೆ ಕೂರುವಾಗ ಒಂದು ಕೊಡ ನೀರು, ಒಂದು ಸಾಬೂನು ಜೊತೆಗಿರಲಿ.

ನಾಯಿ ಮಕ್ಕಳ ಬಾಯಿ ನೆಕ್ಕದಂತೆ ನೋಡಿ, ತಾಟಿನಲ್ಲಿ ಉಳಿದದ್ದನ್ನು ಅದೇ ತಾಟಿನಲ್ಲಿ ನಾಯಿಗೆ ಇಡಬೇಡಿ. ಉಗುರು ಕತ್ತರಿಸಿ. ಮಗು ಮಣ್ಣು ತಿನ್ನುತ್ತಿದ್ದರೆ ಬೈದು ಹೊಡೆದು ಪ್ರಯೋಜನವಿಲ್ಲ, ಎಷ್ಟೋ ಸಲ ರಕ್ತ ಕಡಿಮೆ ಇರುವ ಮಕ್ಕಳೇ ಮಣ್ಣು ತಿನ್ನುತ್ತವೆ. ಹಿಮೋಗ್ಲೋಬಿನ್ ನೋಡಿಸಿ.

ಶಾಲೆ, ಅಂಗನವಾಡಿಯಲ್ಲಿ ಜಂತುಹುಳು ನಿವಾರಣಾ ದಿನಕ್ಕೆ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಕೊಡುತ್ತಾರೆ. ತಪ್ಪದೆ ಕೊಡಿಸಿ. ಆದರೆ ಅದು ಮನುಷ್ಯರ ಕರುಳಿನ ಹುಳುಗಳಿಗೆ. ನಾಯಿಯಿಂದ ಬಂದು ಲಿವರಿನಲ್ಲಿ, ಕಣ್ಣಿನಲ್ಲಿ ಕೂತ ಹುಳುವಿಗೆ ಆ ಒಂದು ಮಾತ್ರೆ ಸಾಲುವುದಿಲ್ಲ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು

ಕಾಲಿನ ಮೇಲೆ ಕೆಂಪು ಗೆರೆ ಹಾವಿನ ಹಾಗೆ ಡೊಂಕಾಗಿ ದಿನದಿನಕ್ಕೆ ಮುಂದೆ ಸರಿಯುತ್ತಾ ವಿಪರೀತ ತುರಿಸಿದರೆ ಅದು ಕೊಕ್ಕೆ ಹುಳುವಿನ ಮರಿ. ಸುಣ್ಣ, ಬಿಸಿ ಎಣ್ಣೆ ಹಚ್ಚಬೇಡಿ, ಮಾತ್ರೆಯಿಂದ ವಾಸಿಯಾಗುತ್ತದೆ.

ಮಗುವಿಗೆ ಬಿಟ್ಟು ಬಿಟ್ಟು ಜ್ವರ, ಕೆಮ್ಮು, ಉಬ್ಬಸ, ಹೊಟ್ಟೆನೋವು ಇದ್ದು, ರಕ್ತಪರೀಕ್ಷೆಯಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಜಾಸ್ತಿ ಬಂದರೆ ನಾಯಿಮರಿಯ ವಿಷಯ ಹೇಳಿ. ಮನುಷ್ಯರಲ್ಲಿ ನಾಯಿಯ ದುಂಡು ಹುಳು ದೊಡ್ಡದಾಗದೆ ಮರಿಯಾಗಿಯೇ ಮೈಯಲ್ಲಿ ತಿರುಗುವುದರಿಂದ ಮಲ ಪರೀಕ್ಷೆಯಲ್ಲಿ ಅದು ಸಿಗುವುದಿಲ್ಲ, ರಕ್ತಪರೀಕ್ಷೆಯೇ ಬೇಕು. ಒಂದು ಕಣ್ಣು ಮಂಜಾಗುವುದು, ಮೆಳ್ಳಗಣ್ಣು ಬರುವುದು, ಪಾಪೆಯಲ್ಲಿ ಬಿಳಿ ಹೊಳಪು ಕಾಣುವುದು ಇದ್ದರೆ ನಾಳೆ ಅನ್ನದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಮಕ್ಕಳು ಒಂದು ಕಣ್ಣು ಹೋದರೂ ಹೇಳುವುದಿಲ್ಲ. ಮನೆಯಲ್ಲೇ ಒಂದೊಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿಸಿ ನೋಡಿ.

ದೊಡ್ಡವರಿಗೆ ಬಲಪಕ್ಕೆಯ ಕೆಳಗೆ ತಿಂಗಳುಗಟ್ಟಲೆ ಭಾರ, ನೋವು, ಇಲ್ಲವೇ ಬಿಡದ ಕೆಮ್ಮು, ಕಫದಲ್ಲಿ ರಕ್ತ ಇದ್ದರೆ ಸ್ಕ್ಯಾನ್, ಎಕ್ಸ್‌ರೇ ಮಾಡಿಸಿ. ಅತ್ತೆಗೆ ಬಂದ ಈ ನೀರಿನ ಗುಳ್ಳೆಗೆ ಹೈಡಾಟಿಡ್ ಅಂತ ಹೆಸರು, ಅದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ, ಜಾಸ್ತಿ ಜನರಿಗೆ ಲಿವರಿನಲ್ಲಿ, ಉಳಿದವರಿಗೆ ಹೆಚ್ಚಾಗಿ ಶ್ವಾಸಕೋಶದಲ್ಲಿ. ಚಿಕಿತ್ಸೆ ಇದೆ: ಗುಳ್ಳೆಯ ಗಾತ್ರ, ಜಾಗ ನೋಡಿ ತಿಂಗಳುಗಟ್ಟಲೆ ಮಾತ್ರೆಯೋ, ಸೂಜಿಯಿಂದ ನೀರು ತೆಗೆಯುವುದೋ, ಆಪರೇಷನ್ನೋ ಅಂತ ಡಾಕ್ಟರ್ ಹೇಳುತ್ತಾರೆ. ಹೊಟ್ಟೆ ಉಜ್ಜಿಸುವುದು, ಒತ್ತಿಸುವುದು ಮಾತ್ರ ಮಾಡಬೇಡಿ. ಗುಳ್ಳೆ ಒಳಗೇ ಒಡೆದರೆ ಒಮ್ಮೆಲೇ ಅಲರ್ಜಿಯಾಗಿ ಜೀವಕ್ಕೆ ಕುತ್ತು ಬರಬಹುದು, ಹೊಟ್ಟೆಯ ತುಂಬ ಹೊಸ ಗುಳ್ಳೆಗಳೂ ಏಳಬಹುದು. ದವಾಖಾನೆಗೆ ಹೋದಾಗ ಹಳೆಯ ಸ್ಕ್ಯಾನ್ ಹಾಳೆಗಳನ್ನು ಒಯ್ಯಿರಿ, ಕೇಳುವ ಮೊದಲೇ "ನಮ್ಮ ಮನ್ಯಾಗ ನಾಯಿ ಅದಾವ, ಕುರಿ ಅದಾವ" ಅಂತ ಹೇಳಿ. ಒಬ್ಬರಲ್ಲಿ ಗುಳ್ಳೆ ಕಂಡರೆ ಅದೇ ಅಂಗಳದಲ್ಲಿ ಬೆಳೆದ ಮನೆಯ ಉಳಿದವರಿಗೂ ಒಂದು ಸಲ ಹೊಟ್ಟೆಯ ಸ್ಕ್ಯಾನ್ ಮಾಡಿಸಿ.